ಬೆಲೆ ಬಂತೆಂದು ಬೇಲಿ ಕಡಿಯಬೇಡಿ

ನಾವು ವರ್ಷಕ್ಕೆ 500-600 ಮಿ.ಮೀ. ಮಳೆ ನಂಬಿದ ಒಣ ಬೇಸಾಯದವರು. ಲಡಾಖಿನ ಲೇಹ್‌ನಲ್ಲಿ ಬೀಳುವುದು 100 ಮಿ.ಮೀ. ಸುತ್ತಮುತ್ತ ಅಷ್ಟೆ. ಚಳಿಗಾಲದಲ್ಲಿ ನೀರೇ ಕಲ್ಲಾಗುತ್ತದೆ. ಅಂಥ ಶೀತ ಮರುಭೂಮಿಯಲ್ಲಿ ಹೊಳೆ ದಂಡೆಗೆ, ಹೊಲದಂಚಿಗೆ ತಾನೇ ಹುಟ್ಟಿ ಬೆಳೆಯುವ ಮುಳ್ಳು ಪೊದೆ ಸೀಬಕ್‌ಥಾರ್ನ್.

ಹಿಂದಿನಿಂದಲೂ ಅಲ್ಲಿನ ರೈತರಿಗೆ ಇದು ದನ-ಕುರಿ ತಡೆಯುವ ಬೇಲಿ, ಒಲೆಗೆ ಸೌದೆ. 2001ರ ಸುಮಾರಿಗೆ ಇದರ ಹುಳಿ ಹಣ್ಣಿನ ರಸ 'ಲೇಹ್ ಬೆರಿ' ಎಂಬ ಹೆಸರಲ್ಲಿ ಪೇಟೆಗೆ ಬಂತು. ಅದರ ಹಿಂದೆ ಲೇಹ್‌ನಲ್ಲಿರುವ ರಕ್ಷಣಾ ಸಂಶೋಧನೆಯವರ ಪ್ರಯೋಗಾಲಯದ ಕೆಲಸವಿತ್ತು. ಹಣ್ಣಿನಲ್ಲಿ ಸಿ ಜೀವಸತ್ವ ಹೇರಳ. ಬೀಜದಿಂದ ಎಣ್ಣೆಯೂ ಬರುತ್ತದೆ. ಬೇಲಿ ಮುಳ್ಳಿಗೆ ಬೆಲೆ ಬಂತು. ಸಂತೋಷವೇ.

ಆದರೆ ನನ್ನ ಮಾತು ಇಷ್ಟೆ: ಈ ಗಿಡದ ಮೊದಲ ಫಸಲು ಹಣ್ಣಲ್ಲ, ಬೇರು. ಬೇರು ಹಬ್ಬಿದಲ್ಲೆಲ್ಲ ಮರಿ ಎದ್ದು ಸಡಿಲ ಮರಳನ್ನು ಹಿಡಿಯುತ್ತದೆ. ಬೇರಿನ ಗಂಟಿನಲ್ಲಿರುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ. ನಮ್ಮ ಸರ್ವೆ ಮರದ ಬೇರಿನಲ್ಲಿರುವುದೂ ಇದೇ ಬಳಗದ್ದು. ಗೊಬ್ಬರದ ಚೀಲ ಕಾಣದ ಮರಳು ಹೀಗೇ ಮಣ್ಣಾಗಬೇಕು. ಚೀನಾದವರು ಸವಕಳಿ ತಡೆಯಲು ದೊಡ್ಡ ಪ್ರಮಾಣದಲ್ಲಿ ಇದನ್ನು ನೆಟ್ಟದ್ದು ಸುಮ್ಮನೆ ಅಲ್ಲ.

ಹಣ್ಣು ಕೀಳುವುದು ಸುಲಭವಿಲ್ಲ. ಕೆಳಗೆ ಬಟ್ಟೆ ಹಾಸಿ ಕೋಲಿನಿಂದ ಬಡಿದು ಉದುರಿಸಬೇಕು. ಕೆಲಸ ಬೇಗ ಆಗಲಿ ಅಂತ ಕೊಂಬೆಯನ್ನೇ ಕಡಿದರೆ? ಹಿಂದಿನ ವರ್ಷ ಚಿಗುರಿದ ಕಡ್ಡಿಯಲ್ಲಿ ಹಣ್ಣು ಬಿಡುವ ಗಿಡ ಇದು. ಕಡಿದ ಜಾಗದಲ್ಲಿ ಮರುವರ್ಷ ಹಣ್ಣು ಎಲ್ಲಿಂದ ಬಂದೀತು? ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಣ್ಣು ಬಿಡದ್ದು ದಂಡ ಅಂತ ಗಂಡು ಗಿಡ ತೆಗೆದರೆ ಹೆಣ್ಣು ಗಿಡವೂ ಬಂಜೆ.

ಇನ್ನು ಹಣದ ಮಾತು. ಕಿತ್ತ ಹಣ್ಣು ಬಹಳ ಹೊತ್ತು ತಡೆಯದು. ತಡೆಯದ ಮಾಲು ಕೈಯಲ್ಲಿದ್ದವನು ಚೌಕಾಶಿ ಮಾಡಲಾರ. ಟೊಮೇಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಳ್ಳು ಚುಚ್ಚಿಸಿಕೊಂಡವರಿಗೆ ಕೂಲಿಯಷ್ಟೇ ಗಿಟ್ಟಿ ಲಾಭವೆಲ್ಲ ಬಾಟಲಿ ತುಂಬುವವರ ಪಾಲಾಗಬಾರದು. ರಸ ಹಿಂಡಿ ಕೆಡದಂತೆ ಇಡುವ ಸಣ್ಣ ಘಟಕ ಹಣ್ಣು ಕೀಳುವ ಹಳ್ಳಿಯಲ್ಲೇ, ಕೀಳುವವರ ಸಂಘದ ಕೈಯಲ್ಲೇ ಇರಬೇಕು. ಸರಕಾರದ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಮತ್ತೆ, ಯಾವ ಗಿಡದಿಂದ ಎಷ್ಟು ಕೀಳಬೇಕು, ಎಷ್ಟು ಬಿಡಬೇಕು ಎಂಬ ಕಟ್ಟಳೆ ಊರವರೇ ಕೂತು ಮಾಡಿಕೊಳ್ಳಲಿ. ಬೇರು ಸತ್ತ ಮೇಲೆ ಹಣ್ಣಿಗೆ ಎಷ್ಟು ರೇಟಿದ್ದರೇನು, ಹೇಳಿ?