ನಾಣ್ಯದ ಗಾಯವೂ ಟಂಕಸಾಲೆಯ ತಪ್ಪೂ

ಕೈಗೆ ಬಂದ ಚಿಲ್ಲರೆಯನ್ನು ಎಣಿಸಿ ಜೇಬಿಗೆ ಹಾಕುವುದು ನಮ್ಮೆಲ್ಲರ ರೂಢಿ. ನೋಡಿ ಹಾಕುವವರು ವಿರಳ. ಆದರೆ ಈಚೆಗೆ ತಾಂಡೂರು ಸೀಮೆಯ ಕರಣಕೋಟದ ಕಡೆ ನಾವು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡುವಂತಾಗಿದೆ. ಅಚ್ಚು ತಪ್ಪಿದ ನಾಣ್ಯಕ್ಕೆ ಲಕ್ಷ ರೂಪಾಯಿ ಸಿಗುತ್ತದೆಂಬ ಮಾತು ಮೊಬೈಲಿನ ಮೂಲಕ ಮನೆಮನೆಗೂ ಬಂದಿದೆ.

ಕಾಸರಗೋಡಿನ ಓದುಗರಿಗೂ ಇದು ಹೊಸತಾಗಿರಲಾರದು. 1956ರ ನವೆಂಬರ್ 1ರಂದು ನೀವು ಕೇರಳಕ್ಕೆ ಸೇರಿದಿರಿ. ಅದೇ ದಿನ ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲೂಕುಗಳು ಬೇರ್ಪಟ್ಟು ಆಂಧ್ರಪ್ರದೇಶದ ಪಾಲಾದವು. ಹೀಗೆ ಗಡಿಯಾಚೆ ಉಳಿದವರಿಗೆ ಸರಕಾರದ ಎಚ್ಚರಿಕೆ ತಮ್ಮ ನುಡಿಯಲ್ಲಿ ತಲುಪುವುದು ತಡ. ಮೋಸದ ಮಾತು ಮಾತ್ರ ಬೇಗ ತಲುಪುತ್ತದೆ.

ತಿಳಿಯಬೇಕಾದ ಸೂತ್ರ ಒಂದೇ. ಟಂಕಸಾಲೆಯೊಳಗೆ ಆದುದು ತಪ್ಪು. ಹೊರಬಂದ ಮೇಲೆ ಆದುದು ಗಾಯ. ಅಲ್ಲಿ ಲೋಹದ ಹಾಳೆಯಿಂದ ಬಿಲ್ಲೆಗಳನ್ನು ಕತ್ತರಿಸಿ, ಅಂಚು ಎಬ್ಬಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಬಿಲ್ಲೆ ನೆಟ್ಟಗೆ ಕೂರದಿದ್ದರೆ ಚಿತ್ರ ಪಕ್ಕಕ್ಕೆ ಸರಿದು ಒಂದು ಕಡೆ ಬರಿದಾಗುತ್ತದೆ. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹವು ಆ ಬಿರುಕಿಗೆ ನುಗ್ಗಿ, ನಾಣ್ಯದ ಮೇಲೆ ಗೆರೆ ಉಬ್ಬಿ ನಿಲ್ಲುತ್ತದೆ. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಎರಡು ಮುಖಗಳಲ್ಲೂ ಒಂದೇ ಚಿತ್ರ ಮೂಡುತ್ತದೆ: ಒಂದರಲ್ಲಿ ಉಬ್ಬಾಗಿ, ಇನ್ನೊಂದರಲ್ಲಿ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ.

ಗಾಯದ ಲಕ್ಷಣವೇ ಬೇರೆ. ಗೀರು ತಗ್ಗಾಗಿರುತ್ತದೆ, ಅದರ ಎರಡೂ ಬದಿಗೆ ಲೋಹ ಒತ್ತರಿಸಿರುತ್ತದೆ. ರೈಲು ಕಂಬಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯದಲ್ಲಿ ಅಕ್ಷರಗಳು ಎಳೆದಂತೆ ಅಗಲವಾಗಿರುತ್ತವೆ. ಎರಡು ನಾಣ್ಯಗಳನ್ನು ಹಿಡಿಕಟ್ಟಿನಲ್ಲಿ ಬಿಗಿದು ತಿರುಗುಮುರುಗು ಚಿತ್ರ ತೆಗೆದವರೂ ಉಂಟು. ಅಲ್ಲಿ ಮೊದಲಿನ ಚಿತ್ರ ಪೂರ್ತಿ ಅಳಿಯದೆ ಅಡಿಯಲ್ಲಿ ಕಾಣುತ್ತದೆ. ಅಂಚು ಉಜ್ಜಿದ್ದರೆ ತಕ್ಕಡಿ ಹೇಳುತ್ತದೆ. 2011ರ ಸರಣಿಯ ಒಂದು ರೂಪಾಯಿಯ ತೂಕ 3.79 ಗ್ರಾಂ. ಚಿತ್ರ ಸರಿದ ನಾಣ್ಯಕ್ಕೆ ತೂಕ ಪೂರ್ತಿ ಇರುತ್ತದೆ, ಉಜ್ಜಿದ್ದಕ್ಕೆ ಇರುವುದಿಲ್ಲ. ನಮ್ಮ ಕಡೆ ಹಾಸುಗಲ್ಲಿನ ಪುಡಿಯಲ್ಲಿ, ಕಾರ್ಖಾನೆಯ ಧೂಳಿನಲ್ಲಿ ದುಡಿಯುವವರ ಜೇಬಿನ ನಾಣ್ಯ ಸವೆದಿರುವುದು ಸಹಜ. ಅದು ದುಡಿಮೆಯ ಗುರುತೇ ಹೊರತು ನಿಧಿಯಲ್ಲ.

ತಪ್ಪೂ ಅಲ್ಲದ, ಗಾಯವೂ ಅಲ್ಲದ ಮೂರನೆಯದೊಂದುಂಟು. ಇಸವಿಯ ಕೆಳಗಿನ ಸಣ್ಣ ನಕ್ಷತ್ರವನ್ನು ಕಂಡು ಅಪೂರ್ವವೆಂದು ಎತ್ತಿಡುವವರಿದ್ದಾರೆ. ಅದು ಹೈದರಾಬಾದಿನ ಟಂಕಸಾಲೆಯ ಗುರುತು. 1803ರಲ್ಲಿ ನಿಜಾಮರ ಕಾಲದಲ್ಲಿ ಆರಂಭವಾಗಿ, 1903ರಲ್ಲಿ ಸೈಫಾಬಾದಿಗೂ 1997ರಲ್ಲಿ ಚೆರ್ಲಪಲ್ಲಿಗೂ ಹೋದ ಸಂಸ್ಥೆ ಅದು. ವಜ್ರಾಕೃತಿ ಮುಂಬಯಿಯದು, ಚುಕ್ಕೆ ನೊಯ್ಡಾದ್ದು. ಗುರುತೇ ಇಲ್ಲದಿದ್ದರೆ ಕಲಕತ್ತೆಯದು, ಬಿಟ್ಟುಹೋದದ್ದಲ್ಲ. ಹಾಗೆಯೇ ಹತ್ತು ರೂಪಾಯಿಯ ನಾಣ್ಯ 14 ಬಗೆಯ ಚಿತ್ರಗಳಲ್ಲಿ ಬಂದಿದೆಯೆಂದೂ ಎಲ್ಲವೂ ಚಲಾವಣೆಗೆ ಅರ್ಹವೆಂದೂ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸಾರಿದೆ. ಆದರೂ ಅಂಗಡಿಯಲ್ಲಿ ಅದನ್ನು ಹಿಂದಕ್ಕೆ ತಳ್ಳುವುದುಂಟು. ಇದರಿಂದ ನಷ್ಟವಾಗುವುದು ಕೂಲಿಯನ್ನು ಚಿಲ್ಲರೆಯಲ್ಲಿ ಪಡೆದವರಿಗೆ.

ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಗೀರು ಬಿದ್ದ ಒಂದು ರೂಪಾಯಿಯ ಫೋಟೊ ಕಳುಹಿಸಿ, ನೋಂದಣಿಯ ಖರ್ಚೆಂದು ಎರಡು ಸಾವಿರ ರೂಪಾಯಿ ಕಟ್ಟಿದರು. ಮುಂದೆ ಆ ಕಡೆಯಿಂದ ಉತ್ತರವಿಲ್ಲ. ಮಗನ ಶಾಲೆಯ ಖರ್ಚಿಗೆಂದು ಇಟ್ಟ ಹಣವದು. ತನ್ನ ಹೆಸರು ಹೇಳಿ ಹಳೆಯ ನಾಣ್ಯ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದು ಎಚ್ಚರಿಸಿತ್ತು. ಆ ಎಚ್ಚರಿಕೆ ಆ ಮನೆಗೆ ತಲುಪಿರಲಿಲ್ಲ. ನಿಜವಾದ ಟಂಕಸಾಲೆಯ ತಪ್ಪನ್ನು ಸಂಗ್ರಾಹಕರು ಕೊಳ್ಳುವುದು ಸುಳ್ಳಲ್ಲ. ಆದರೆ ಕೊಳ್ಳುವವನು ಹಣ ಕೊಡುತ್ತಾನೆ; ಮಾರುವವನಿಂದ ಮೊದಲು ಹಣ ಕೇಳುವುದಿಲ್ಲ. ಇಷ್ಟು ತಿಳಿದರೆ ಸಾಕು.

ನಮ್ಮ ಹಿರಿಯರು ನಿಜಾಮರ ಹಾಲಿ ಸಿಕ್ಕಾವನ್ನೂ ಬ್ರಿಟಿಷರ ಕಲ್ದಾರ್ ರೂಪಾಯಿಯನ್ನೂ ಒಟ್ಟಿಗೆ ಬಳಸಿದವರು. ಸುಮಾರು ಏಳು ಹಾಲಿಗೆ ಆರು ಕಲ್ದಾರ್ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಶಾಲೆ ಕಾಣದವರೂ ನಾಣ್ಯವನ್ನು ಕಲ್ಲಿಗೆ ಬಡಿದು ನಾದ ಕೇಳಿ ತೀರ್ಪು ಹೇಳುತ್ತಿದ್ದರು. ಓದಿದ ಮಕ್ಕಳಿಗೆ ಆ ವಿವೇಕವಿಲ್ಲವೆಂದರೆ ನಾವು ಕಲಿಸಿದ್ದೇನು?

ಆದುದರಿಂದ ನಮ್ಮ ಸಲಹೆ ಎರಡು. ವಾರದಲ್ಲಿ ಒಂದು ಪೀರಿಯಡು ಬೇಡ, ವರ್ಷದಲ್ಲಿ ಒಂದು ಸಾಕು: ಒಂದು ಭೂತಕನ್ನಡಿ, ಒಂದು ತಕ್ಕಡಿ, ಹತ್ತು ನಾಣ್ಯ ಇಟ್ಟು ಮಕ್ಕಳಿಂದಲೇ ಪರೀಕ್ಷೆ ಮಾಡಿಸೋಣ. ಎರಡನೆಯದು, ಕನ್ನಡಿಗರಿರುವ ಗಡಿ ಊರುಗಳ ಬ್ಯಾಂಕುಗಳಲ್ಲಿ ಈ ಎಚ್ಚರಿಕೆಯನ್ನು ಕನ್ನಡದಲ್ಲಿ ತೂಗುಹಾಕಲಿ. ನೋಟಿನ ಮೇಲಿನ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ಒಂದು ಸಾಲುಂಟು, ನಾಣ್ಯದ ಮೇಲೆ ಅದೂ ಇಲ್ಲ. ಗೋಡೆಯ ಮೇಲಾದರೂ ಒಂದು ಹಾಳೆ ಕೇಳುವುದು ಹೆಚ್ಚಿನ ಬೇಡಿಕೆಯಾಗದು.