ಹೆಸರು ತಿಳಿಯದ ನಿಲಯ

ರಾತ್ರಿ ಹನ್ನೊಂದಾಯಿತೆಂದರೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ವಿಧಿ ಜರುಗುತ್ತದೆ. ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ಟಿ.ವಿ. ಎಲ್ಲವನ್ನೂ ಆರಿಸಿ ನಾನು ಹಳೆಯ ರೇಡಿಯೋವನ್ನು ಕಿಟಕಿಯ ಬಳಿ ಇಟ್ಟುಕೊಂಡು ಕೂರುತ್ತೇನೆ. ಈ ಆಧುನಿಕ ಸಲಕರಣೆಗಳ ಗೊರಗೊರ ಸದ್ದು ದೂರದ ದನಿಯನ್ನು ನುಂಗಿಬಿಡುತ್ತದೆ. “ಕಳ್ಳರು ಬಂದರೂ, ನಮಗಿಂತ ಮೊದಲೇ ಯಾರೋ ಬಂದಿದ್ದಾರೆಂದು ಹಿಂದಿರುಗಿಯಾರು” ಎಂಬುದು ನನ್ನಾಕೆಯ ವ್ಯಾಖ್ಯಾನ.

ಮಧ್ಯಮ ತರಂಗದಲ್ಲಿ ಪರದೇಶದ ನಿಲಯಗಳನ್ನು ಅರಸುವ ಈ ಹವ್ಯಾಸಕ್ಕೆ ಡಿಎಕ್ಸಿಂಗ್ ಎಂದು ಹೆಸರು. ‘ಡಿಎಕ್ಸ್’ ಎಂಬುದು ತಂತಿಯವರು ದೂರವೆಂಬ ಅರ್ಥದಲ್ಲಿ ಬಳಸುತ್ತಿದ್ದ ಸಂಕೇತ. ಇದರಿಂದ ಮೂರು ಕಾಸಿನ ಲಾಭವಿಲ್ಲವೆಂದು ಮೊದಲೇ ಒಪ್ಪಿಬಿಡುತ್ತೇನೆ.

ಇರುಳಲ್ಲೇ ಏಕೆ ಎಂದು ವಾಚಕರು ಕೇಳಬಹುದು. ಹಗಲಿನಲ್ಲಿ ಸೂರ್ಯಕಿರಣಗಳು ನೆಲದಿಂದ 60ರಿಂದ 90 ಕಿಲೋಮೀಟರು ಎತ್ತರದಲ್ಲಿ ಒಂದು ಪದರವನ್ನು ನಿರ್ಮಿಸುತ್ತವೆ. ಮೇಲೇರಿದ ಮಧ್ಯಮ ತರಂಗಗಳನ್ನು ಅದು ಹೀರಿಬಿಡುತ್ತದೆ. ಸೂರ್ಯಾಸ್ತದ ಬಳಿಕ ಆ ಪದರ ಕರಗುತ್ತದೆ. ಆಗ ತರಂಗಗಳು ಇನ್ನೂ ಮೇಲಿನ ಪದರಗಳನ್ನು ಮುಟ್ಟಿ, ಪ್ರತಿಫಲಿಸಿ, ಸಾವಿರಾರು ಕಿಲೋಮೀಟರು ಆಚೆ ಬಂದಿಳಿಯುತ್ತವೆ. ಆಕಾಶದಲ್ಲಿ ಇಂಥದೊಂದು ಕನ್ನಡಿ ಇರಬೇಕೆಂದು 1902ರಲ್ಲಿ ಕೆನೆಲಿ, ಹೆವಿಸೈಡ್ ಇಬ್ಬರೂ ಬೇರೆಬೇರೆಯಾಗಿ ಊಹಿಸಿದರು. 1924ರಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದ ಆಪಲ್ಟನ್ನರಿಗೆ 1947ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದೇ ವರ್ಷ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರರು ಮೇಲಿನ ವಾಯುಮಂಡಲವನ್ನು ಕುರಿತ ತಮ್ಮ ಉದ್ಗ್ರಂಥವನ್ನು ಹೊರತಂದರು. ಕನ್ನಡದ ಮೇಷ್ಟರಿಗೆ ಇದೆಲ್ಲ ಏಕೆಂದು ನನ್ನ ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಈ ಗೀಳು ಹಚ್ಚಿದವರು ನಮ್ಮ ತಂದೆಯವರು. ಊರೆಲ್ಲ ಚಿತ್ರಗೀತೆಗಾಗಿ ಕಿರುತರಂಗದಲ್ಲಿ ರೇಡಿಯೋ ಸಿಲೋನ್ ಹಿಡಿದರೆ, ಅವರು ಮಧ್ಯಮ ತರಂಗದ ಕಷ್ಟದ ಬೇಟೆಯನ್ನೇ ಆರಿಸಿಕೊಂಡರು. ರೇಡಿಯೋದೊಳಗೆ ಫೆರೈಟ್ ಎಂಬ ಸರಳೊಂದಿದೆ. ಅದರ ತುದಿ ಯಾವ ನಿಲಯದತ್ತ ತಿರುಗುವುದೋ ಆ ನಿಲಯ ಮಂಕಾಗುತ್ತದೆ. ಗಟ್ಟಿ ದನಿಯ ನಿಲಯವನ್ನು ಹೀಗೆ ಅಡಗಿಸಿದರೆ, ಅದರಡಿಯಲ್ಲಿದ್ದ ಬಡಪಾಯಿಯೊಂದು ಮೆಲ್ಲನೆ ಉಸಿರುಬಿಡುತ್ತದೆ. ಕೇಳಿದ್ದನ್ನು ದಿನಾಂಕ, ವೇಳೆ ಸಹಿತ ಬರೆದು ಕಳುಹಿಸಿದರೆ ನಿಲಯದವರು ಅಂಚೆಯಲ್ಲಿ ಕ್ಯೂಎಸ್‌ಎಲ್ ಎಂಬ ಚಿತ್ರದ ಕಾರ್ಡು ಕಳುಹಿಸುತ್ತಿದ್ದರು. ತಂದೆಯವರ ಬಿಸ್ಕತ್ತಿನ ಡಬ್ಬಿಯ ತುಂಬ ಅವೇ ಇವೆ.

ಈಗ ನಿಲಯಗಳೇ ಕಡಮೆಯಾಗುತ್ತಿವೆ. ಯೂರೋಪಿಗೆ ಕೇಳಿಸುತ್ತಿದ್ದ ಬಿ.ಬಿ.ಸಿ.ಯ 648 ಕಿಲೋಹರ್ಟ್ಸ್ ಪ್ರಸಾರ 2011ರಲ್ಲೇ ನಿಂತಿತು. ದೊಡ್ಡವರು ಜಾಗ ತೆರವು ಮಾಡಿದಲ್ಲಿ ಸಣ್ಣವರು ಕೇಳಿಸುತ್ತಾರೆಂಬುದೊಂದೇ ಸಮಾಧಾನ.

ತಂದೆಯವರ ಕಿವಿಯೂ ಮಂದವಾಗಿದೆ. ಶ್ರವಣಯಂತ್ರಕ್ಕೆ ಮಾತು ಸಿಕ್ಕುತ್ತದೆ, ಗೊರಗೊರದೊಳಗಿನ ಮಾತು ಸಿಕ್ಕುವುದಿಲ್ಲ. ಆದರೂ ಕಳೆದ ಶನಿವಾರ ಪಕ್ಕದಲ್ಲಿ ಬಂದು ಕುಳಿತರು, ತೊಡೆಯ ಮೇಲೆ ತಮ್ಮ ಪುಸ್ತಕ. 1431ರಲ್ಲಿ ಒಬ್ಬ ಹೆಂಗಸಿನ ದನಿ ಏರುತ್ತಿತ್ತು, ಇಳಿಯುತ್ತಿತ್ತು.

“ಯಾವ ಭಾಷೆ?”

“ತಿಳಿಯಲೊಲ್ಲದು.”

“ಗಂಟೆ ಹೊಡೆದಾಗ ನಿಲಯದ ಹೆಸರು ಹೇಳುತ್ತಾರೆ. ಕಾದಿರು.”

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ದನಿ ಕುಗ್ಗಿತು. ಹನ್ನೆರಡಕ್ಕೆ ಬರಿಯ ಕಡಲಿನಂಥ ಮೊರೆತ. ನಾನು ತಲೆಯಾಡಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ದಿನಾಂಕ, ವೇಳೆ, 1431, ‘ಹೆಂಗಸು’ ಎಂದು ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟರು.

“ನಾಳೆ ಹತ್ತೂವರೆಗೇ ಕೂರೋಣ” ಎಂದರು.