ಫೋಟೊದ ಕೆಳಗೆ ಬರೆಯಬೇಕಾದ ಸಾಲು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ನಮ್ಮ ಕಚೇರಿಗೆ ಬರುವ ಫೋಟೊಗಳು ಈಚೆಗೆ ಹೆಚ್ಚಾಗಿವೆ. ಕಳಿಸುವವರಲ್ಲಿ ಸ್ಟುಡಿಯೋ ಇಟ್ಟವರು ಕಡಿಮೆ. ಶಾಲೆಯ ಮಾಸ್ತರರು, ಬ್ಯಾಂಕಿನವರು, ಗೊಬ್ಬರದ ಅಂಗಡಿಯವರು, ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮಾಡುವವರೇ ಹೆಚ್ಚು. ರಜೆ ಸಿಕ್ಕರೆ ಸಾಕು, ಕ್ಯಾಮೆರಾ ಚೀಲ ಹೆಗಲಿಗೇರಿಸಿ ಬೈಕಿನಲ್ಲಿ ಮುದಗಲ್ಲಿಗೋ ಜಲದುರ್ಗಕ್ಕೋ ಹೋಗುತ್ತಾರೆ, ಸಂಜೆಗೆ ಗೆಳೆಯರ ಬಳಗದಲ್ಲಿ ಫೋಟೊ ಹಂಚುತ್ತಾರೆ. ಈ ಉತ್ಸಾಹದ ಬಗ್ಗೆ ನಮಗೆ ಗೌರವವಿದೆ. ಗೌರವವಿರುವುದರಿಂದಲೇ ಒಂದು ಕೊರತೆಯನ್ನೂ ಹೇಳಬೇಕಾಗಿದೆ. ಬರುವ ಫೋಟೊದ ಕೆಳಗೆ 'ಮುದಗಲ್ ಕೋಟೆ' ಎಂದಷ್ಟೇ ಇರುತ್ತದೆ. ಅದು ಫತೇ ದರ್ವಾಜವೋ ಕಾಟಿ ದರ್ವಾಜವೋ, ಒಳಗೆ ನಿಂತು ತೆಗೆದದ್ದೋ ಹೊರಗಿನಿಂದಲೋ, ಯಾವ ವರ್ಷದ್ದು ಎಂಬುದು ಗೊತ್ತಾಗುವುದಿಲ್ಲ. ನೋಡಿದವರ ಮಾತೂ 'ಭಾಳ ಚೆಂದ ಬಂದೈತ್ರಿ' ಎನ್ನುವಲ್ಲಿಗೆ ನಿಲ್ಲುತ್ತದೆ.

ಕಂಡದ್ದನ್ನು ಬಲ್ಲವರ ಮುಂದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಸ್ಕಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಶಾಸನಗಳಲ್ಲಿ ಸಿಗುತ್ತಿದ್ದ ದೊರೆಯ ಹೆಸರು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬುದಷ್ಟೇ. ಆತನೇ ಅಶೋಕ ಎಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು, ಆದರೆ ಆ ಹೆಸರಿರುವ ಕಲ್ಲು ಸಿಕ್ಕಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅವುಗಳನ್ನು ಓದಿ ವಿವರಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಅದು ಅದೇ ವರ್ಷ ಪ್ರಕಟವಾಯಿತು. ಆ ಕಲ್ಲಿನ ಮೇಲೆ ಅಶೋಕನ ಹೆಸರಿತ್ತು. ಕಂಡವರು ಒಬ್ಬರು, ಓದಿದವರು ಇನ್ನೊಬ್ಬರು. ಕಂಡವರು ಸುಮ್ಮನಿದ್ದಿದ್ದರೆ ಓದುವವರಿಗೆ ಆ ಕಲ್ಲು ಇನ್ನೆಷ್ಟು ಕಾಲ ಕಾಣದೆ ಉಳಿಯುತ್ತಿತ್ತೋ!

ನಮ್ಮ ನಾಡಿನ ಕಟ್ಟಡಗಳನ್ನು ಮೊದಮೊದಲು ಕ್ಯಾಮೆರಾಕ್ಕೆ ಹಿಡಿದವರಲ್ಲೂ ಬೇರೆ ಕೆಲಸದಲ್ಲಿದ್ದವರೇ ಹೆಚ್ಚು. ಪಿಗೌ ಮತ್ತು ನೀಲ್ ವೈದ್ಯರು, ಬಿಗ್ಸ್ ಸೇನೆಯವರು. 1850ರ ದಶಕದಲ್ಲಿ ಇವರು ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೊ ತೆಗೆದರು. 1866ರಲ್ಲಿ ಲಂಡನ್ನಿನಲ್ಲಿ ಅವು ಒಂದು ದೊಡ್ಡ ಪುಸ್ತಕವಾದಾಗ ಚರಿತ್ರೆಯ ಭಾಗವನ್ನು ಬರೆದವರು ಮೆಡೋಸ್ ಟೇಲರ್. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನೋಡಿಕೊಂಡಿದ್ದ ಅದೇ ಟೇಲರ್ ಸಾಹೇಬರು. ವಾಸ್ತುವಿನ ಟಿಪ್ಪಣಿಗಳು ಜೇಮ್ಸ್ ಫರ್ಗುಸನ್ನರವು. ಒಂದೇ ಗುಡಿಯ ಬಗ್ಗೆ ಫೋಟೊ ತೆಗೆದವರು, ಚರಿತ್ರೆ ಬಲ್ಲವರು, ಕಟ್ಟಡ ಬಲ್ಲವರು ಈ ಮೂವರೂ ಮಾತಾಡಿದ್ದರಿಂದ ಆ ಪುಸ್ತಕಕ್ಕೆ ತೂಕ ಬಂತು.

ಅದೇ ಕಾಲದ ಇನ್ನೊಬ್ಬರು ಅಲೆಕ್ಸಾಂಡರ್ ಗ್ರೀನ್‌ಲಾ. ಕಂಪನಿ ಸರ್ಕಾರದ ಸೇನಾಧಿಕಾರಿ, ಛಾಯಾಗ್ರಹಣದ ಹವ್ಯಾಸಿ. 1856ರಲ್ಲಿ ಹಂಪಿಗೆ ಹೋಗಿ, ಮೇಣ ಹಿಡಿಸಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಕಟ್ಟಡಗಳನ್ನು ಸೆರೆಹಿಡಿದರು. ವಿಜಯವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು. ಇಂದು ಅದಿಲ್ಲ, ಗ್ರೀನ್‌ಲಾ ಅವರ ಚಿತ್ರದಲ್ಲಿ ಇದೆ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅದೇ ಜಾಗಗಳನ್ನು ಹುಡುಕಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡು ಫೋಟೊಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಡೆಯನ್ನು ಮತ್ತೆ ಕಟ್ಟಿದ್ದಾರೆ ಎಂಬುದು ತಾನೇ ತಿಳಿಯುತ್ತದೆ. ನಮ್ಮ ಮೂರು ತಾಲ್ಲೂಕಿನ ಬಳಗಗಳು ಇದನ್ನು ಇವತ್ತೇ ಶುರು ಮಾಡಬಹುದು. ಮನೆಯ ಹಳೆಯ ಆಲ್ಬಮ್ಮಿನಲ್ಲಿ ಮುದಗಲ್ ಮೊಹರಂಗೆ ಹೋದಾಗಿನದೋ ಅಂಬಾಮಠದ ಜಾತ್ರೆಯದೋ ಒಂದು ಫೋಟೊ ಇದ್ದೀತು. ಅದನ್ನು ಹಿಡಿದು ಅದೇ ಜಾಗಕ್ಕೆ ಹೋಗಿ, ಅದೇ ಕೋನದಿಂದ ಮತ್ತೊಂದು ತೆಗೆಯಿರಿ. ಆಮೇಲೆ ನಡೆಯುವ ಚರ್ಚೆಗೆ ಯಾರೂ ವಿಷಯ ಹುಡುಕಿಕೊಡಬೇಕಾಗಿಲ್ಲ.

ಚರ್ಚೆ ಎಂದರೆ ತಪ್ಪು ಹುಡುಕುವುದು ಎಂಬ ಅಂಜಿಕೆ ಹಲವರಿಗಿದೆ. ಆದರೆ ಬಲ್ಲವರ ನಡುವೆ ನಡೆಯುವ ಮಾತಿನಿಂದ ಕಣ್ಣು ಪಳಗುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದರೆ ಗುಡಿಯ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಜಾಗವಿದ್ದರೆ ಇನ್ನಷ್ಟು ಹಿಂದೆ ಸರಿದು, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು ತೆಗೆಯಬೇಕು. ವೈಡ್ ಲೆನ್ಸಿನಲ್ಲಿ ಅಂಚಿನ ಕಂಬ ದಪ್ಪವಾಗುತ್ತದೆ, ನಡುವಿನ ಮಂಟಪ ದೂರ ಹೋಗುತ್ತದೆ. ನೆತ್ತಿಯ ಬಿಸಿಲಿನಲ್ಲಿ ವೀರಗಲ್ಲಿನ ಕೆತ್ತನೆ ಸವೆದು ಹೋದಂತೆ ಕಾಣುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಅದೇ ಕಲ್ಲಿನ ಗೆರೆಗಳು ಎದ್ದು ನಿಲ್ಲುತ್ತವೆ. ನೆರಳಿನಲ್ಲಿರುವ ಶಾಸನಕ್ಕೆ ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿದರೂ ಸಾಕು. ಅಕ್ಷರ ಕಾಣಲಿ ಎಂದು ಸುಣ್ಣದಕಡ್ಡಿ ತಿಕ್ಕುವುದು, ಎಣ್ಣೆ ಸವರುವುದು ಬೇಡವೇ ಬೇಡ. ಅದು ಕಲ್ಲನ್ನು ಕೆಡಿಸುತ್ತದೆ, ಮುಂದೆ ಬರುವವರ ಓದನ್ನೂ ದಾರಿ ತಪ್ಪಿಸುತ್ತದೆ.

ಎಡಿಟಿಂಗ್ ಬಗ್ಗೆ ಬಳಗಗಳಲ್ಲಿ ಗಂಭೀರ ಮಾತು ನಡೆಯಬೇಕು. ಈಗ ಮೊಬೈಲಿನಲ್ಲೇ ಬೆರಳಾಡಿಸಿ ವಿದ್ಯುತ್ ತಂತಿ, ನೀರಿನ ಟ್ಯಾಂಕು, ಪಕ್ಕದ ಮನೆಯ ತಗಡಿನ ಚಾವಣಿ ಎಲ್ಲವನ್ನೂ ಅಳಿಸಬಹುದು. ಮುದಗಲ್ ಕೋಟೆಯ ಒಳಗೆ ಜನ ವಾಸವಾಗಿದ್ದಾರೆ. ಅವರ ಮನೆ, ತಂತಿ, ಕೊಡಗಳ ಸಾಲು ಅಳಿಸಿದ ಕೋಟೆ ಮುದಗಲ್ಲಿನದಲ್ಲ. ಬಹಮನಿ, ವಿಜಯನಗರ, ಬಿಜಾಪುರದ ಸೇನೆಗಳು ಸೆಣಸಿದ ಆ ಕೋಟೆಯಲ್ಲಿ ಕನ್ನಡದ ಶಾಸನವೂ ಇದೆ, ಪರ್ಷಿಯನ್ ಶಾಸನವೂ ಇದೆ; ಇಂದಿನ ಸಂಸಾರಗಳೂ ಆ ಚರಿತ್ರೆಯ ಭಾಗವೇ. ಕಪ್ಪು ಬಿಳುಪು ಮಾಡಿ, ಬೆಳಕು ತಿದ್ದಿ, ತೊಂದರೆಯಿಲ್ಲ. ವಸ್ತುವನ್ನೇ ತೆಗೆದರೆ ಅಥವಾ ಸೇರಿಸಿದರೆ ಅದನ್ನು ಫೋಟೊದ ಕೆಳಗೆ ಹೇಳಿ. ಅದು ನೋಡುವವರಿಗೆ ನಾವು ಕೊಡಬೇಕಾದ ಮರ್ಯಾದೆ.

'ನಮ್ಮ ಸಿಂಧನೂರಿನಾಗ ತೆಗೆಯೋದೇನೈತಿ' ಎನ್ನುವವರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಊರಿನ ರೂಪವೇ ಬದಲಾಯಿತು. ಕಾಲುವೆಯ ತೂಬುಗಳು, ರೈಸ್ ಮಿಲ್‌ಗಳ ಹೊಗೆಗೊಳವೆಗಳು, ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪ್‌ಗಳ ಮನೆಗಳು, ಬಂಗಾಳಿ ನಿರಾಶ್ರಿತರು ನೆಲೆನಿಂತ ಆರ್.ಎಚ್. ಕ್ಯಾಂಪ್‌ಗಳ ಓಣಿಗಳು ಎಲ್ಲವೂ ವಾಸ್ತುವೇ. ಲಿಂಗಸುಗೂರು 1905ರವರೆಗೆ ನಿಜಾಮರ ಆಡಳಿತದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. ಆ ಕಾಲದ ಕಟ್ಟಡಗಳಲ್ಲಿ ಉಳಿದವು ಯಾವುವು, ಯಾವ ಸ್ಥಿತಿಯಲ್ಲಿವೆ? ಕೋಟೆ, ಗುಡಿಗಳನ್ನು ಉಳಿಸಲು ಇಲಾಖೆಗಳಾದರೂ ಇವೆ. ಹಳೆಯ ಮಿಲ್ಲು, ಮಾಳಿಗೆ ಮನೆ ಒಂದು ವಾರದಲ್ಲಿ ಜೆಸಿಬಿಗೆ ಸಿಕ್ಕಿ ನೆಲಸಮವಾಗುತ್ತವೆ. ಮೊದಲು ಫೋಟೊ ಬೇಕಾದದ್ದು ಅವಕ್ಕೆ.

ಹಂಚುವಾಗ ಒಂದು ಎಚ್ಚರವೂ ಬೇಕು. ಎಲ್ಲ ವಿವರ ಬರೆಯಿರಿ ಎಂದೆವು. ಕಾವಲಿಲ್ಲದ ಜಾಗಗಳಿಗೆ ಆ ಮಾತು ಅನ್ವಯಿಸುವುದಿಲ್ಲ. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ 1952ರಲ್ಲಿ ಉತ್ಖನನ ಮಾಡಿ, ಹೊಸ ಶಿಲಾಯುಗದ ಜನ ಈ ಗುಡ್ಡಗಳಲ್ಲಿ ದನ ಸಾಕಿಕೊಂಡು ಬಾಳಿದ್ದನ್ನು ತೋರಿಸಿದರು. ಅಲ್ಲಿನ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ಅಂಥ ಚಿತ್ರವಿರುವ ಹೊಸ ಬಂಡೆಯೋ ಹೊಲದ ಬದುವಿನಲ್ಲಿರುವ ಮೂರ್ತಿಯೋ ನಿಮ್ಮ ಕಣ್ಣಿಗೆ ಬಿದ್ದರೆ ಊರಿನ ಹೆಸರಿಗಿಂತ ಹೆಚ್ಚಿನ ಗುರುತನ್ನು ಎಲ್ಲರ ಮುಂದೆ ಇಡಬೇಡಿ. ನಿಧಿಗಳ್ಳರ ಹಾರೆ ಗುದ್ದಲಿ ನಮ್ಮ ಸೀಮೆಗೆ ಹೊಸದಲ್ಲ. ನಿಖರವಾದ ಜಾಗವನ್ನು ಪುರಾತತ್ವ ಇಲಾಖೆಗೂ ವಿಶ್ವವಿದ್ಯಾಲಯದ ಚರಿತ್ರೆಯ ಅಧ್ಯಾಪಕರಿಗೂ ತಿಳಿಸಿ. ಮೊಹರಂ, ಜಾತ್ರೆಗಳಲ್ಲಿ ಜನರ ಮುಖ ತೆಗೆಯುವಾಗ ಅವರನ್ನು ಒಂದು ಮಾತು ಕೇಳಿ. ಸಾಧ್ಯವಾದರೆ ಒಂದು ಪ್ರಿಂಟ್ ಅವರ ಕೈಗೆ ತಲುಪಿಸಿ.

ಮುಂದಿನ ಸಂಚಿಕೆಯಿಂದ ನಮ್ಮ ಪತ್ರಿಕೆಯ ಎರಡು ಪುಟಗಳನ್ನು ಈ ಭಾಗದ ಹವ್ಯಾಸಿಗಳ ಚಿತ್ರಗಳಿಗೆ ಮೀಸಲಿಡುತ್ತಿದ್ದೇವೆ. ಚಿತ್ರದೊಂದಿಗೆ ಐದು ಸಂಗತಿಗಳನ್ನು ಬರೆದು ಕಳಿಸಿ: ಕಟ್ಟಡದ ಹೆಸರು ಮತ್ತು ಊರು, ನೀವು ನಿಂತ ದಿಕ್ಕು, ತೆಗೆದ ದಿನ, ಮಾಡಿದ ತಿದ್ದುಪಡಿ, ಆ ಕಟ್ಟಡದ ಬಗ್ಗೆ ನಿಮಗಿರುವ ಒಂದು ಪ್ರಶ್ನೆ. ಚಿತ್ರದ ಪಕ್ಕದಲ್ಲಿ ಬಲ್ಲವರೊಬ್ಬರ ಟಿಪ್ಪಣಿಯನ್ನೂ ಪ್ರಕಟಿಸುತ್ತೇವೆ. ಓದುಗರು ಒಪ್ಪದಿದ್ದರೆ ಬರೆಯಲಿ, ಅದಕ್ಕೂ ಜಾಗ ಕೊಡುತ್ತೇವೆ. ಬೆಲೆಬಾಳುವ ಕ್ಯಾಮೆರಾ ಬೇಕಿಲ್ಲ, ಕಿಸೆಯಲ್ಲಿರುವ ಮೊಬೈಲ್ ಸಾಕು. ನಿಮ್ಮ ಊರಿನ ಒಂದು ಹಳೆಯ ಕಟ್ಟಡದಿಂದ ಈ ವಾರವೇ ಶುರು ಮಾಡಿ.

— ಸಂಪಾದಕ